ಮೀಟರ್ ಮಾವನ ಟವೆಲ್ ಸಾಲು

ಮಗು ಮಲಗಿದ ಮೇಲೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಾಡುತ್ತಿದೆಯೇ ಎಂದು ನೋಡುವವಳು ನಾನು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಓಡಿ ಬಂದವಳು. ಅಂಥ ಚಿಂತೆಗಳಿಗೆ ಒಂದು ಒಳ್ಳೆಯ ಗುಣವಿದೆ, ಹೋಗಿ ನೋಡಿದರೆ ಮುಗಿಯುತ್ತವೆ. ಆದರೆ ಇಪ್ಪತ್ತಮೂರು ದಿನದಿಂದ ಕಾಡುತ್ತಿರುವ ಚಿಂತೆಯಲ್ಲಿ ಹೋಗಿ ನೋಡುವುದೇನೂ ಇಲ್ಲ. ನಾನು ಒಂದು ಸಾಲು ತೆಗೆದುಹಾಕಿದೆ. ಅದರಿಂದ ಒಬ್ಬಳ ಭುಜದ ಮೂಳೆ ಮುರಿಯಿತು. ಮೀಟರ್ ಮಾವ ತಮಗೆ ಮರೆವಿನ ಕಾಯಿಲೆ ಹಿಡಿದಿದೆ ಎಂದುಕೊಂಡು ಮನೆಯಲ್ಲಿ ಕೂತಿದ್ದಾರೆ.

ಮಾವ ಎಂದರೆ ಸ್ವಂತ ಮಾವನಲ್ಲ. ನನ್ನ ಗಂಡನ ಕೆಲಸಕ್ಕೆಂದು ನಾವು ಈ ಬೆಟ್ಟದ ಬುಡದ ಊರಿಗೆ ಬಂದಾಗ ಎರಡು ಮನೆ ಆಚೆಯಿಂದ ಬಂದು ಮಾತಾಡಿಸಿದವರು. ಬಂದವರು ನನ್ನ ಮುಖ ನೋಡುವ ಮೊದಲು ಗೋಡೆಯ ಮೇಲಿದ್ದ ಮೀಟರ್ ನೋಡಿದರು. "ಎಲ್ಲಾ ಲೈಟೂ ಆರಿಸಿದ್ದೀಯ, ಆದ್ರೂ ಇದು ಹಿಂಗೆ ಓಡ್ತಿದೆಯಲ್ಲಮ್ಮಾ. ನಿನ್ನ ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂತಿಲ್ಲ, ನೋಡು" ಎಂದರು. ಹೋಗಿ ನೋಡಿದೆ. ಕೂತಿರಲಿಲ್ಲ.

ಮೂವತ್ತೊಂದು ವರ್ಷ ಅವರು ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವ ಕೆಲಸ ಮಾಡಿದರು. ಬೆಟ್ಟದ ಮೇಲಿನ ಮನೆಗಳಿಗೆ ಹೋಗಲು ಯಾರೂ ಒಪ್ಪದೆ ಅವು ಹೊಸಬನ ಪಾಲಿಗೆ ಬಂದವು. ಹೊಸಬ ಹಳಬನಾದರೂ ಪಾಲು ಬದಲಾಗಲಿಲ್ಲ. ಗೇರಿಲ್ಲದ ಕಪ್ಪು ಸೈಕಲ್, ಕೊರಳಿಗೆ ಟವೆಲ್, ಜೇಬಿನಲ್ಲಿ ಟಾರ್ಚ್. ಬೆಳಿಗ್ಗೆ ಒಂಬತ್ತಕ್ಕೇ ಅಂಗಿ ಬೆನ್ನಿಗೆ ಅಂಟುವ ಸೆಕೆ, ಮಧ್ಯಾಹ್ನ ಎರಡಾದರೆ ತಲೆಯ ಮೇಲೇ ಬಂದು ಕೂರುವ ಮೋಡ. ಬಿದಿರಿನ ಮೆಳೆಗಳ ನಡುವೆ, ಚಹಾ ತೋಟಗಳ ಅಂಚಿನಲ್ಲಿ ಸುತ್ತಿ ಸುತ್ತಿ ಹತ್ತುವ ಕಿರಿದಾದ ಡಾಂಬರು ರಸ್ತೆಗಳು. ಮೀಟರ್ ಪೆಟ್ಟಿಗೆಯಲ್ಲಿ ಗೂಡು ಕಟ್ಟಿದ್ದ ಕಣಜಗಳು ಎರಡು ಸಲ ಅಟ್ಟಿಸಿಕೊಂಡು ಬಂದಿದ್ದವಂತೆ.

"ಇವರು ನನ್ನ ಮುಖ ನೋಡಿದ್ದಕ್ಕಿಂತ ಮೀಟರ್ ಮುಖ ನೋಡಿದ್ದೇ ಜಾಸ್ತಿ" ಎಂದು ಅವರ ಹೆಂಡತಿ, ನನ್ನ ಬಾಯಲ್ಲಿ ಅತ್ತೆ, ಆಡಿಕೊಳ್ಳುತ್ತಿದ್ದರು.

"ಮೀಟರು ತಿರುಗಿ ಬಯ್ಯಲ್ಲ ಕಣೇ" ಎಂದು ಮಾವ.

ನಿವೃತ್ತಿಯಾದ ಮೇಲೆ ಸೈಕಲ್ಲನ್ನು ಹಿತ್ತಲಿಗೆ ಹಾಕಿದ್ದರು. ಐದಾರು ವರ್ಷದ ಮೇಲೆ ನಗರದಿಂದ ಸೈಕಲ್ ಸವಾರರು ಬರತೊಡಗಿದರು. ಗಿಳಿಹಿಂಡಿನಂಥ ಬಣ್ಣದ ಬಟ್ಟೆ, ಕಡ್ಡಿಯಂಥ ಚಕ್ರ. ಒಮ್ಮೆ ಫೋನಿನ ನಕ್ಷೆ ನಂಬಿ ಹನ್ನೆರಡು ಜನ ನೇರ ಒಬ್ಬರ ದನದ ಕೊಟ್ಟಿಗೆಗೆ ನುಗ್ಗಿದರು. ಅವರನ್ನು ಅಲ್ಲಿಂದ ಬಿಡಿಸಿ ಸರಿದಾರಿಗೆ ಹಚ್ಚಿದವರು ಮಾವ. ತಂಡದ ನಾಯಕರು ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. "ಯಜಮಾನ್ರೇ, ನಿಮ್ಮ ತಲೇಲಿರೋ ದಾರೀನೆಲ್ಲ ಬರೆದುಕೊಡಿ" ಎಂದು ಅವರು ಗಂಟುಬಿದ್ದರು.

ಮಾವ ಬರೆದರು, ಉಳಿದುಹೋಗಿದ್ದ ಉದ್ದನೆಯ ಮೀಟರ್ ಪುಸ್ತಕದಲ್ಲೇ. ಏರು ಎಷ್ಟು ಕಡಿದು ಎನ್ನುವುದಕ್ಕೆ ಅವರದೇ ಲೆಕ್ಕ: 'ಇಲ್ಲಿ ಮಾತಾಡುತ್ತಾ ಹೋಗಬಹುದು', 'ಇಲ್ಲಿ ಮಾತು ನಿಲ್ಲುತ್ತದೆ', 'ಇಲ್ಲಿ ಹೆತ್ತವ್ವ ನೆನಪಾಗುತ್ತಾಳೆ'. ಮನೆಯಲ್ಲೇ ಟೈಪಿಂಗ್ ಕೆಲಸ ಮಾಡುವ ನಾನು ಅದನ್ನು ಅಂಗೈಯಗಲದ ಕಾರ್ಡಿಗೆ ಇಳಿಸುತ್ತಿದ್ದೆ. ಸವಾರರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹ್ಯಾಂಡಲಿಗೆ ಕಟ್ಟಿಕೊಳ್ಳುತ್ತಿದ್ದರು. ಏಳು ದಾರಿ ಆದವು. ಮಾವ ಹಿತ್ತಲಿನ ಸೈಕಲ್ಲಿಗೆ ಎಣ್ಣೆ ಬಿಟ್ಟರು. ಅರವತ್ತಾರರ ವಯಸ್ಸಿನಲ್ಲಿ, ಭಾನುವಾರ ಮೊದಲ ತಿರುವಿನವರೆಗೆ ಆ ಗಿಳಿಹಿಂಡಿನ ಮುಂದೆ ಅವರೇ ಹೋಗುತ್ತಿದ್ದರು.

ಕಳೆದ ತಿಂಗಳು ಕ್ಯಾಪ್ಟನ್ ನನಗೇ ಫೋನ್ ಮಾಡಿದರು. ಮೂರನೇ ದಾರಿಯನ್ನು ತಿರುಗಾ ಮುರುಗಾ ಮಾಡಿದರೆ, ಅಂದರೆ ಹತ್ತುವ ಕಡೆಯಿಂದ ಇಳಿದರೆ, ಹೊರಡುವಾಗಲೇ ನೆರಳು ಸಿಗುತ್ತದೆ, ಹಾಗೊಂದು ಕಾರ್ಡ್ ಬೇಕು ಎಂದರು. ಮಾವನಿಗೆ ಹೇಳಿದೆ.

"ನಾನು ಒಂದ್ಸಲ ಇಳಿದು ನೋಡ್ತೀನಿ ತಾಯಿ. ಹತ್ತೋ ರಸ್ತೇನೇ ಬೇರೆ, ಇಳಿಯೋ ರಸ್ತೇನೇ ಬೇರೆ."

ಅವರಿಗೆ ಆ ವಾರ ಮಂಡಿನೋವು. ನನ್ನ ಮಗುವಿಗೆ ಹಲ್ಲು ಬರುವ ಜ್ವರ, ದಿನಕ್ಕೆ ಎಂಟು ಸಲ ಥರ್ಮಾಮೀಟರ್ ಹಿಡಿದು ಕೂತಿದ್ದೆ. ಕ್ಯಾಪ್ಟನ್ ಎರಡು ಸಲ ನೆನಪಿಸಿದರು. ನಾನೇ ಪುಸ್ತಕ ತೆರೆದು ಸಾಲುಗಳನ್ನು ಕೊನೆಯಿಂದ ಮೊದಲಿಗೆ ತಿರುಗಿಸಿದೆ, ಎಡವನ್ನು ಬಲ ಮಾಡಿದೆ, ಬಲವನ್ನು ಎಡ. ಒಂದೂ ತಪ್ಪಲಿಲ್ಲ. ಆದರೆ ಕಾರ್ಡಿನಲ್ಲಿ ಒಂದು ಸಾಲು ಹೆಚ್ಚಾಯಿತು. ಯಾವುದನ್ನು ಬಿಡಲಿ ಎಂದು ನೋಡಿದೆ. ಹಳೆಯ ಕಾರ್ಡ್ ಆದ ಮೇಲೆ ಮಾವ ಪುಸ್ತಕದ ಅಂಚಿನಲ್ಲಿ ಸೇರಿಸಿ ಬರೆದಿದ್ದರು: 'ಎರಡನೇ ತಿರುವಿನಲ್ಲಿ ಬಂಡೆಯ ನೀರು ರಸ್ತೆಯ ಮೇಲೆ ಹರಿಯುತ್ತದೆ. ವರ್ಷವಿಡೀ ಇರುತ್ತದೆ. ಟವೆಲ್ ನೆನೆಸಿಕೊಳ್ಳಿ.' ಇಳಿಯುವವರಿಗೆ ಸೆಕೆ ಎಲ್ಲಿಂದ, ಟವೆಲ್ ಯಾಕೆ ಎಂದು ಅದನ್ನು ಅಳಿಸಿದೆ. ಸಾರಾಂಶ ಬರೆಯುವುದರಲ್ಲಿ ಶಾಲೆಯಲ್ಲಿ ನಾನೇ ಮೊದಲು.

ಕಾರ್ಡ್ ತೋರಿಸಿದಾಗ ಮಾವ ಕನ್ನಡಕಕ್ಕೆ ತಡಕಾಡಿದರು, ಸಿಗಲಿಲ್ಲ. "ಎಲ್ಲಾ ಇದೆಯಾ?"

"ಎಲ್ಲಾ ಇದೆ ಮಾವ" ಎಂದೆ.

ಹತ್ತುವವನಿಗೆ ತಂಪಾದ ನೀರು ಇಳಿಯುವವನಿಗೆ ಪಾಚಿ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಅಂಟಿಸಿಕೊಂಡು ಬದುಕುವ ನನಗೆ.

ಭಾನುವಾರ ಆ ತಿರುವಿನಲ್ಲಿ ಜಾರಿದ್ದು ತಂಡದಲ್ಲಿದ್ದ ಒಬ್ಬಳು ನರ್ಸ್. ಜೀವಕ್ಕೇನೂ ಆಗಲಿಲ್ಲ. ಭುಜದ ಮೂಳೆ ಮುರಿದು ಕೈಯನ್ನು ಜೋಲಿಯಲ್ಲಿ ಕಟ್ಟಿದ್ದಾರೆ. ಅವಳಿಗೂ ಒಂದೂವರೆ ವರ್ಷದ ಮಗನಿದ್ದಾನೆ, ಎರಡು ತಿಂಗಳು ಅವನನ್ನು ಎತ್ತಿಕೊಳ್ಳುವಂತಿಲ್ಲ. ಇದನ್ನು ಕೇಳಿದ ದಿನದಿಂದ ನನ್ನ ಮಗಳನ್ನು ಸೊಂಟಕ್ಕೇರಿಸಿಕೊಂಡಾಗಲೆಲ್ಲ ಕಳ್ಳತನ ಮಾಡಿದಂತೆ ಅನ್ನಿಸುತ್ತದೆ.

ಮರುದಿನ ಮಾವ ಬಂದರು. ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತರು.

"ಮೂವತ್ತೊಂದು ವರ್ಷ ಆ ನೀರಲ್ಲಿ ಟವೆಲ್ ನೆನೆಸಿದ್ದೀನಿ. ಅದನ್ನ ಹೆಂಗಮ್ಮಾ ಬಿಟ್ಟೆ ನಾನು? ಪುಸ್ತಕದಲ್ಲಿ ಬರೆದಿಲ್ವಾ?"

ಪುಸ್ತಕ ನನ್ನ ಬೀರುವಿನಲ್ಲಿತ್ತು, ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ. "ನೋಡಿ ಹೇಳ್ತೀನಿ ಮಾವ" ಎಂದೆ.

ನೋಡಲೂ ಇಲ್ಲ, ಹೇಳಲೂ ಇಲ್ಲ. ಅವರೂ ಮತ್ತೆ ಕೇಳಲಿಲ್ಲ. ತಾವು ಬರೆದಿಲ್ಲದ್ದಕ್ಕೇ ನಾನು ಸುಮ್ಮನಿದ್ದೇನೆ, ತಮ್ಮನ್ನು ನೋಯಿಸಬಾರದೆಂದು ಸುಮ್ಮನಿದ್ದೇನೆ ಎಂದುಕೊಂಡರಂತೆ. ಅದನ್ನು ಅತ್ತೆ ಹೇಳಿದಾಗ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕ್ಯಾಪ್ಟನ್ ಬೈಯಲಿಲ್ಲ, ಇನ್ನೂ ಕೆಟ್ಟದ್ದು ಮಾಡಿದರು. "ಪಾಪ, ವಯಸ್ಸಾಯ್ತು, ಇನ್ಮೇಲೆ ತೊಂದರೆ ಕೊಡೋದು ಬೇಡ" ಎಂದು ಏಳೂ ದಾರಿಗಳ ಕಾರ್ಡುಗಳನ್ನು ಸವಾರರಿಂದ ವಾಪಸು ತೆಗೆದುಕೊಂಡರು.

ನಿನ್ನೆ ಅತ್ತೆ ತಟ್ಟೆ ವಾಪಸು ಕೊಡಲು ಬಂದವರು ಅಡುಗೆಮನೆಯಲ್ಲಿ ಕೂತುಬಿಟ್ಟರು. "ಸೈಕಲ್ ಮಾರ್ತೀನಿ ಅಂತಿದ್ದಾರೆ ಕಣೇ. ನಾಳೆ ಸಾಯಂಕಾಲ ಮಗಳು ಬಂದು ನರದ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳೆ. ಅಲ್ಲಿಂದ ಹಂಗೇ ಅವಳ ಮನೆಗೆ. ಒಬ್ಬರನ್ನೇ ಹೊರಗೆ ಬಿಡಬೇಡ ಅಂದಿದ್ದಾಳೆ." ಅತ್ತೆ ಕಣ್ಣೊರೆಸಿಕೊಂಡದ್ದು ನನ್ನ ಮನೆಯ ಟವೆಲಿನಲ್ಲಿ.

ಇವತ್ತು ಮಧ್ಯಾಹ್ನ ಮಗು ಮಲಗಿತು. ಎರಡು ಮನೆ ಆಚೆಗೆ ನಡೆದು ಹೋಗುವ ಧೈರ್ಯ ಬರಲಿಲ್ಲ, ಅವರ ಮುಖ ನೋಡಿದರೆ ಮತ್ತೆ ಸುಳ್ಳೇ ಬಾಯಿಗೆ ಬರುತ್ತದೆಂದು ಗೊತ್ತಿತ್ತು. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಫೋನ್ ಮಾಡಿದೆ.

"ಮಾವ, ನೀವು ಬರೆದಿದ್ರಿ."

"ಏನನ್ನ?"

"ನೀರಿನದ್ದು. ಟವೆಲ್‌ದು. ನಾನೇ ಅಳಿಸಿದೆ. ಜಾಗ ಸಾಲಲಿಲ್ಲ ಅಂತ. ನಿಮಗೆ ಎಲ್ಲಾ ಇದೆ ಅಂತ ಸುಳ್ಳು ಹೇಳಿದೆ."

ಆ ಕಡೆ ಅವರು ಫ್ಯಾನ್ ಆರಿಸಿದ್ದು ಕೇಳಿಸಿತು.

"ಇದು ನಿಂಗೆ ಯಾವಾಗ ಗೊತ್ತಾಯ್ತು?"

"ಅವರು ಬಿದ್ದ ದಿನಾನೇ."

"ಆ ದಿನದಿಂದ ನಾನು ಬಾಗಿಲು ಹಾಕಿದ್ದೀನೋ ಇಲ್ವೋ ಅಂತ ಮೂರು ಮೂರು ಸಲ ಎದ್ದು ನೋಡ್ತಿದ್ದೀನಿ, ತಾಯಿ. ಮೊಮ್ಮಗನ ಹೆಸರು ಬಾಯಲ್ಲಿ ಹೇಳ್ಕೊಂಡು ಮಲಗ್ತಿದ್ದೀನಿ, ಎಲ್ಲಿ ಮರೆತುಬಿಡ್ತೀನೋ ಅಂತ."

ತಪ್ಪಾಯಿತು ಎನ್ನಲು ಹೋದೆ, ಅಳು ಬಂತು. ಅಳುವ ಹಕ್ಕು ನನಗಿಲ್ಲವೆಂದು ಕೈಯಿಂದ ಬಾಯಿ ಮುಚ್ಚಿಕೊಂಡೆ.

"ಅಳ್ಬೇಡ" ಎಂದರು. ದನಿಯಲ್ಲಿ ಸಮಾಧಾನವಿರಲಿಲ್ಲ. "ಆ ನರ್ಸಮ್ಮನಿಗೆ ದಿನಾ ಫೋನ್ ಮಾಡಿ ಕ್ಷಮೆ ಕೇಳ್ತಿದ್ದೀನಿ ನಾನು. ಅವಳಿಗೆ ಯಾರು ಹೇಳ್ತಾರೆ ಇದನ್ನ?"

"ನಾನೇ ಹೇಳ್ತೀನಿ ಮಾವ. ಕ್ಯಾಪ್ಟನ್‌ಗೂ ಹೇಳ್ತೀನಿ. ಇವತ್ತೇ."

"ಇವತ್ತೇ ಅಲ್ಲ, ಈಗಲೇ. ನಂಬರ್ ಬರ್ಕೋ."

ಪೆನ್ನು ಹುಡುಕಿದೆ. ಅವರು ಅತ್ತೆಯನ್ನು ಕರೆಯಲಿಲ್ಲ, ಡೈರಿ ತೆಗೆಯಲಿಲ್ಲ. ಮೀಟರ್ ಓದಿ ಹೇಳುವವರಂತೆ ಒಂದೊಂದೇ ಅಂಕಿ ಹೇಳುತ್ತಾ ಹೋದರು, ಎಲ್ಲೂ ತಡವರಿಸದೆ. ಕೊನೆಯ ಅಂಕಿ ಹೇಳಿದ ಮೇಲೆ ಅಷ್ಟನ್ನೂ ಮತ್ತೊಮ್ಮೆ ತಮಗೆ ತಾವೇ ಹೇಳಿಕೊಂಡರು.

"ಸರಿಯಾಗಿದೆಯಲ್ವಾ?" ಎಂದು ಮೆಲ್ಲಗೆ ಕೇಳಿದರು, ನನ್ನನ್ನಲ್ಲ.

ನಾನು ಫೋನ್ ಇಟ್ಟು ಆ ನಂಬರ್ ಒತ್ತಿದೆ. ಮೂರನೇ ರಿಂಗಿಗೆ ಹೆಂಗಸೊಬ್ಬಳ ದನಿ "ಹಲೋ" ಎಂದಿತು, ಅದರ ಹಿಂದೆ ಮಗುವೊಂದು ಎತ್ತಿಕೋ ಎಂದು ಹಟ ಮಾಡುತ್ತಿತ್ತು.