ಕೆಂಪು ಹಚ್ಚದ ಒಂದನೇ ತಾರೀಖು

ನನ್ನ ಚಿಕ್ಕಮ್ಮನ ಬೆರಳುಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಕ್ಯಾಲೆಂಡರ್ ಮುದ್ರಿಸುವ ಪ್ರೆಸ್ಸಿನಲ್ಲಿ ಅವಳದು ಕೆಂಪು ಶಾಯಿಯ ಯಂತ್ರ. ಮೊದಲು ಕಪ್ಪು ಅಂಕಿಗಳು ಅಚ್ಚಾಗುತ್ತವೆ; ರಜಾದಿನಗಳ ಮನೆಗಳು ಖಾಲಿ ಉಳಿಯುತ್ತವೆ. ಆ ಹಾಳೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟು ಖಾಲಿ ಮನೆಗಳಲ್ಲಿ ಕೆಂಪು ಅಂಕಿ ಕೂರಿಸುವುದು ಅವಳ ಕೆಲಸ. ಊರಿನವರ ರಜೆಯೆಲ್ಲ ಅವಳ ಕೈ ದಾಟಿಯೇ ಹೋಗುತ್ತಿತ್ತು. ಅವಳಿಗೆ ಮಾತ್ರ ರಜೆ ಇರಲಿಲ್ಲ.

ಹೊರದೇಶದ ಆರ್ಡರುಗಳೂ ಬರುತ್ತಿದ್ದವು. ಕಾರ್ಮಿಕರ ದಿನ ನಮ್ಮಲ್ಲಿ ಮೇ ಒಂದು. ಅಮೆರಿಕದ ಹಾಳೆಯಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ. ನ್ಯೂಜಿಲೆಂಡಿನದರಲ್ಲಿ ಅಕ್ಟೋಬರಿನ ನಾಲ್ಕನೇ ಸೋಮವಾರ. ಕಾಲೇಜಿನಲ್ಲಿ ಓದಿದ್ದನ್ನು ಒಮ್ಮೆ ಅವಳಿಗೆ ಹೇಳಿದೆ: ದಿನಕ್ಕೆ ಎಂಟು ಗಂಟೆಯ ದುಡಿಮೆ ಸಾಕೆಂದು ಮೇ ಒಂದರಂದು ಮುಷ್ಕರ ಹೂಡಿದವರು ಅಮೆರಿಕದ ಕಾರ್ಮಿಕರು. ಆ ದಿನವನ್ನು ಬೇರೆ ಎಷ್ಟೋ ದೇಶಗಳು ಹಿಡಿದುಕೊಂಡವು. ಅಮೆರಿಕದ ಸರ್ಕಾರ ಮಾತ್ರ ಸೆಪ್ಟೆಂಬರನ್ನು ಆರಿಸಿಕೊಂಡಿತು.

“ಹಾಗಾದರೆ ಹೆತ್ತ ಮನೆಯಲ್ಲೇ ಮಗುವಿಗೆ ಜಾಗ ಇಲ್ಲ ಅನ್ನು,” ಎಂದು ನಕ್ಕಳು.

ಈ ತಾರೀಖುಗಳ ಗೊಂದಲ ಪ್ರೆಸ್ಸಿನ ಯಜಮಾನರಿಗೆ ಅನುಕೂಲವಾಗಿತ್ತು. ಮೇ ತಿಂಗಳಲ್ಲಿ ರಜೆ ಕೇಳಿದರೆ, “ನಮ್ಮ ದೊಡ್ಡ ಗಿರಾಕಿಗಳ ಕಾರ್ಮಿಕರ ದಿನ ಸೆಪ್ಟೆಂಬರಲ್ಲಿ ಬರುತ್ತಮ್ಮ, ಆಗ ನೋಡೋಣ,” ಅನ್ನುವರು. ಸೆಪ್ಟೆಂಬರಿನಲ್ಲಿ ಕೇಳಿದರೆ, “ನಮ್ಮ ದೇಶದ್ದು ಮೇ ತಿಂಗಳಲ್ಲೇ ಮುಗೀತಲ್ಲ.” ಹೀಗೆ ವರ್ಷಗಟ್ಟಲೆ ಮೂಗಿಗೆ ತುಪ್ಪ ಸವರಿದರು.

ಒಂದು ಸೆಪ್ಟೆಂಬರಿನಲ್ಲಿ ಅದೇ ಉತ್ತರ ಮತ್ತೆ ಬಂತು. ಬರುವ ವರ್ಷದ ಮೇ ತಿಂಗಳ ಹಾಳೆಗಳು ಯಂತ್ರದ ಪಕ್ಕದಲ್ಲಿ ಅಟ್ಟಿಯಾಗಿದ್ದವು. ಸಂಜೆ ಲಾರಿ ಬರುವುದಿತ್ತು. ಚಿಕ್ಕಮ್ಮ ಸ್ವಿಚ್ಚು ಆರಿಸಿ ಸ್ಟೂಲಿನ ಮೇಲೆ ಕೂತುಬಿಟ್ಟಳು.

“ಏನಾಯ್ತು?” ಎಂದರು ಯಜಮಾನರು.

“ಈ ಹಾಳೆಗೆ ನಾನು ಕೆಂಪು ಹಾಕಲ್ಲ ಸಾರ್. ರಜೆ ಅಂತ ನಾನೇ ಅಚ್ಚು ಹಾಕೋದು, ಆ ದಿನ ನಾನೇ ಇಲ್ಲಿ ನಿಂತಿರೋದು. ಇದು ಯಾವ ನ್ಯಾಯ?”

“ನಿನ್ನ ಜಾಗಕ್ಕೆ ನಾಳೆ ಹತ್ತು ಜನ ಬರ್ತಾರೆ.”

“ನಾಳೆ ಬರಲಿ. ಇವತ್ತಿನ ಲಾರಿಗೆ ಯಾರು ಬರ್ತಾರೆ?”

ಯಜಮಾನರು ಅಂಗಿಯ ತೋಳು ಮಡಚಿ ತಾವೇ ಯಂತ್ರದ ಮುಂದೆ ನಿಂತರು. ಹಾಳೆ ಕೊಂಚ ವಾರೆಯಾದರೂ ಅಂಕಿ ಮನೆ ತಪ್ಪುತ್ತದೆ. ಅವರು ಕೊಟ್ಟ ಹಾಳೆಯಲ್ಲಿ ಒಂದು ಹೋಗಿ ಎರಡರ ತಲೆಯ ಮೇಲೆ ಕೂತಿತ್ತು.

ಬೈಂಡಿಂಗ್ ಮೇಜಿನ ಹೆಂಗಸೊಬ್ಬಳು ಕತ್ತು ಚಾಚಿ ನೋಡಿ, “ಸಾರ್, ಇದು ಯಾವ ದೇಶದ್ದು?” ಎಂದಳು.

ಮೇಜಿಗೆ ಮೇಜೇ ನಕ್ಕಿತು. ಆಮೇಲೆ ಅವಳು ಕೈಯಲ್ಲಿದ್ದ ಅಂಟಿನ ಬ್ರಷ್ಷನ್ನು ಕೆಳಗಿಟ್ಟಳು. ಉಳಿದವರೂ ಇಟ್ಟರು.

ಯಜಮಾನರು ಕೈಗಂಟಿದ ಶಾಯಿ ಒರೆಸಿಕೊಂಡರು. ಅದು ಹೋಗಲಿಲ್ಲ.

“ಸರಿ. ಬರುವ ಮೇ ಒಂದಕ್ಕೆ ಬೀಗ ಹಾಕ್ತೀನಿ. ಆಯ್ತಾ?”

“ಸೆಪ್ಟೆಂಬರಿನ ಸೋಮವಾರ?”

“ಎರಡೂ ಬೇಕಾ ನಿನಗೆ?”

“ನೀವು ಎರಡನ್ನೂ ತೋರಿಸಿ ಎರಡನ್ನೂ ನುಂಗಿದ್ರಲ್ಲ, ಅದಕ್ಕೆ ಕೇಳಿದೆ. ಸದ್ಯಕ್ಕೆ ಒಂದು ಸಾಕು,” ಎಂದು ಚಿಕ್ಕಮ್ಮ ಎದ್ದು ಸ್ವಿಚ್ಚು ಹಾಕಿದಳು.

ಆ ಮೇ ಒಂದರಂದು ಅವಳು ಎಂದಿನ ಹೊತ್ತಿಗೇ ಎದ್ದು ಪ್ರೆಸ್ಸಿನ ತನಕ ನಡೆದುಹೋದಳು. ಬಾಗಿಲಿನ ಬೀಗವನ್ನು ಚೆನ್ನಾಗಿ ಜಗ್ಗಿ ನೋಡಿದಳು. ಮನೆಗೆ ಬಂದು, ಹಾಡಹಗಲೇ ಮುಸುಕೆಳೆದು ಮಲಗಿದಳು.