ಹಗ್ಗ ಬಿಗಿದ ಕ್ಯಾಪ್ಟನ್

ಬಂದರಿನ ಮೂಲೆಯಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದವಳನ್ನು ಊರೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ಅವಳು ಆ ಮಹಾನುಭಾವನನ್ನು ಮೊದಲು ಕಂಡದ್ದು ಸಮುದ್ರ ಉಬ್ಬರದಲ್ಲಿದ್ದ ಒಂದು ಬೆಳಿಗ್ಗೆ. ಹೆಂಡತಿ, ಮಗಳನ್ನು ಕಟ್ಟಿಕೊಂಡು ಅವನು ಪ್ರವಾಸ ಹೊರಟಿದ್ದ ಹಾಯಿದೋಣಿ ಜೆಟ್ಟಿಗೆ ತಾಗುವ ಮೊದಲೇ ಅವನ ಗಂಟಲು ದಡ ಸೇರಿತ್ತು. ಹೆಂಡತಿ ಹಗ್ಗ ಎಸೆದರೆ ತಪ್ಪು, ಮಗಳು ಹಿಡಿದರೆ ತಪ್ಪು. ತಲೆಯ ಮೇಲೆ ಚಿನ್ನದ ಬಣ್ಣದ ಪಟ್ಟಿಯ ಟೋಪಿ. ಅದನ್ನು ಕೊಂಡದ್ದು ಬಿಟ್ಟರೆ ಕ್ಯಾಪ್ಟನ್ ಆಗಲು ಅವನು ಬೇರೇನೂ ಮಾಡಿದಂತಿರಲಿಲ್ಲ.

ಮಧ್ಯಾಹ್ನ ಅವನ ಹೆಂಡತಿ ಉಪ್ಪುಗಟ್ಟಿದ ಬಟ್ಟೆಗಳ ಮೂಟೆ ಹೊತ್ತು ಅಂಗಡಿಗೆ ಬಂದಳು. ಬಟ್ಟೆ ನೆನೆಹಾಕುತ್ತಾ ಅಕ್ಕ ಕೇಳಿದಳು:

"ಇನ್ನೂ ಎಲ್ಲೀವರೆಗೆ ಹೋಗ್ತೀರಮ್ಮ?"

"ಅವರಿಗೆ ಸಾಕು ಅನ್ನಿಸೋವರೆಗೆ. ನನಗೂ ಮಗಳಿಗೂ ಯಾವತ್ತೋ ಸಾಕಾಗಿದೆ. ಇಲ್ಲಿಂದ ಬಸ್ ಹತ್ತಿ ಮನೆಗೆ ಹೋಗೋಣ ಅಂದ್ರೆ, ಕ್ಯಾಪ್ಟನ್ ನಾನು ಅಂತಾರೆ."

"ಆ ಟೋಪೀನೂ ತನ್ನಿ, ಬಿಸಿನೀರಿಗೆ ಹಾಕ್ತೀನಿ. ಕುಗ್ಗಿದ್ರೆ ತಲೆಗೆ ಸರಿಯಾಗುತ್ತೆ."

ಹೆಂಡತಿ ಎಷ್ಟೋ ದಿನಗಳ ಮೇಲೆ ನಕ್ಕವಳಂತೆ ನಕ್ಕಳು. "ಬೆಳಿಗ್ಗೆ ದೋಣಿ ಕಟ್ಟೋವಾಗ, ನೀರು ಇಳಿಯುತ್ತೆ, ಹಗ್ಗ ಸಡಿಲ ಬಿಡಿ ಅಂದೆ. ನೀನು ಅಡುಗೆ ನೋಡ್ಕೋ ಅಂದ್ರು."

ಬಟ್ಟೆ ಹಿಂಡಿ ಮುಗಿಯುವ ಹೊತ್ತಿಗೆ ಮಗಳು ಓಡಿಬಂದಳು. "ಅಮ್ಮಾ, ದೋಣಿ ನೇತಾಡ್ತಾ ಇದೆ!"

ಸಮುದ್ರ ತನ್ನ ಪಾಡಿಗೆ ಇಳಿದಿತ್ತು. ಬಿಗಿದ ಹಗ್ಗ ಇಳಿದಿರಲಿಲ್ಲ. ದೋಣಿ ಒಂದು ಪಕ್ಕದಿಂದ ಜೆಟ್ಟಿಗೆ ಜೋತುಬಿದ್ದು ವಾಲಿತ್ತು. ಒಳಗೆ ಪಾತ್ರೆಗಳು ಉರುಳುತ್ತಿದ್ದವು. ಕ್ಯಾಪ್ಟನ್ ಹಾಯಿಕಂಬವನ್ನು ತಬ್ಬಿಕೊಂಡು ಮಗಳ ಮೇಲೆ ಕೂಗಾಡಿದ:

"ಹಗ್ಗ ಕಟ್ಟಿದ್ದು ಯಾರು?"

"ನೀವೇ ಅಪ್ಪ."

"ನನ್ನ ಕೈಗೆ ಕೊಟ್ಟಿದ್ದು ಯಾರು?"

ಮೀನು ಇಳಿಸುತ್ತಿದ್ದವರು ಬುಟ್ಟಿ ಕೆಳಗಿಟ್ಟು ನಕ್ಕರು. ಹೆಂಡತಿ ನಗಲಿಲ್ಲ, ನೇರ ಅಂಗಡಿಗೆ ವಾಪಸಾದಳು.

"ಅಕ್ಕಾ, ನಮ್ಮಿಬ್ಬರ ಬಟ್ಟೆ ಕೊಟ್ಬಿಡಿ."

"ಇನ್ನೂ ಒದ್ದೆ ಇವೆಯಲ್ಲಮ್ಮ."

"ಇರಲಿ. ಮನೇಲಿ ಒಣಗಿಸ್ಕೋತೀವಿ."

ಸಂಜೆಯ ಬಸ್ಸಿಗೆ ತಾಯಿ, ಮಗಳು ಹೊರಟೇಹೋದರು. ಅವನ ಅಂಗಿಗಳು ಮಾತ್ರ ಅಕ್ಕನ ಅಂಗಡಿಯಲ್ಲೇ ಉಳಿದವು.

ಅವನೂ ಉಳಿದ. ಬೈಸಿಕೊಳ್ಳಲು ಜನವಿಲ್ಲದೆ ದೋಣಿ ನಡೆಸುವುದು ಅವನಿಗೆ ತಿಳಿಯದು. ಹಾಗೆಂದು ಬಸ್ಸು ಹತ್ತಿದರೆ ಟೋಪಿಯ ಮರ್ಯಾದೆ ಏನಾಗಬೇಕು? "ಗಾಳಿ ತಿರುಗಲಿ, ಹೊರಡ್ತೀನಿ" ಎಂದು ಚಹಾದಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಾನೆ. ಗಾಳಿ ಎಷ್ಟೋ ಸಲ ತಿರುಗಿತು.

ಈಗೀಗ ಅಕ್ಕ ಬಟ್ಟೆ ಒಣಹಾಕುವ ಹೊತ್ತಿಗೆ ತಪ್ಪದೆ ಬರುತ್ತಾನೆ. ಸೊಂಟದ ಮೇಲೆ ಕೈಯಿಟ್ಟು ನಿಂತು, "ಆ ಹಗ್ಗ ಇನ್ನೂ ಸ್ವಲ್ಪ ಬಿಗೀಬೇಕು" ಎನ್ನುತ್ತಾನೆ. ಅಕ್ಕ ಬಾಯಲ್ಲಿ ಕ್ಲಿಪ್ ಕಚ್ಚಿಕೊಂಡು, ಅವನ ಅಂಗಿಯನ್ನೇ ತೆಗೆದು ಅವನ ಮುಖಕ್ಕೆ ಅಡ್ಡವಾಗಿ ಒಣಹಾಕುತ್ತಾಳೆ.