ಗೋಡೆಗೆ ಹಾಕುವ ಫೋಟೋ

ಅಪ್ಪ ಸತ್ತ ಮೂರನೇ ದಿನ ಸೋದರಮಾವ ಮಾನಪ್ಪ ಎಲ್ಲರೆದುರು ಕೇಳಿಯೇಬಿಟ್ಟ.

"ಶಾಂಭವಿ, ನಿಮ್ಮಪ್ಪಂದು ಒಂದ್ ಚಲೋ ಫೋಟೋ ಕೊಡವ್ವ. ಹನ್ನೊಂದನೇ ದಿನಕ್ಕ ದೊಡ್ಡದು ಮಾಡಿಸಿ ಕಟ್ಟು ಹಾಕಿಸ್ಬೇಕು."

"ಇಲ್ಲ," ಎಂದೆ.

"ಇಲ್ಲಂದ್ರ?"

"ಇಲ್ಲಂದ್ರ ಇಲ್ಲ ಮಾವ."

ಮಾವ ಸುತ್ತ ಕೂತವರ ಮುಖ ನೋಡಿದ. "ಎರಡು ವರ್ಷ ಆತು, ಫೋಟೋ ತಗಿಯೋದು ಕಲಿಯಾಕತ್ತಾಳ. ದೀಪದ ಬುಡದಾಗ ಕತ್ತಲ ಅಂದಂಗಾತು." ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ದಿನಗಳಲ್ಲಿ ಅಳು, ಹಸಿವು, ನಿದ್ದೆ ಯಾವುದೂ ಬರುತ್ತಿರಲಿಲ್ಲ.

ಅಪ್ಪನ ಹೆಸರು ಅಂಬಣ್ಣ. ದೇವದುರ್ಗದ ಕಡೆಯಿಂದ ಬಂದು ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿದ. ಇಂದಿರಾನಗರದಲ್ಲಿ ಅವನು ಗಿಲಾವು ಮಾಡಿದ ಗೋಡೆಗಳಿಗೆ ಲೆಕ್ಕವಿಲ್ಲ; ನಾವು ಇದ್ದದ್ದು ರಾಮಮೂರ್ತಿ ನಗರದ ಒಂದು ಬಾಡಿಗೆ ರೂಮಿನಲ್ಲಿ. ಮಾತು ಕಮ್ಮಿ, ಬೀಡಿ ಇಲ್ಲ, ಎಲೆಅಡಿಕೆ ಉಂಟು. ಒಂದು ಸಂಜೆ ಕೆಲಸದಿಂದ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತವನು ಟಿನ್ ಫ್ಯಾಕ್ಟರಿ ಸ್ಟಾಪ್ ಬಂದರೂ ಏಳಲಿಲ್ಲ. ಪಕ್ಕದವರು ನಿದ್ದೆ ಅಂದುಕೊಂಡರಂತೆ. ಡಾಕ್ಟರು ಹೃದಯ ನಿಂತಿದೆ ಎಂದರು. ಆ ಗಲಾಟೆಯಲ್ಲಿ ಅವನ ಫೋನನ್ನು ಯಾರೋ ಮಹಾನುಭಾವ ಎತ್ತಿಕೊಂಡು ಹೋಗಿದ್ದ. ಆಸ್ಪತ್ರೆಯಲ್ಲಿ ಮುಖದ ಬಟ್ಟೆ ಸರಿಸಿದಾಗ ನನ್ನ ತಲೆಗೆ ಬಂದದ್ದು ಇಷ್ಟೇ: ಬೆಳಕು ಒಂದೇ ಕಡೆಯಿಂದ ಬೀಳುತ್ತಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಈ ರೋಗ ಹತ್ತಿದ್ದು ವಸಂತ್ ಸರ್ ಅವರ ಕ್ಲಾಸಿನಲ್ಲಿ. ಬೆನ್ಸನ್ ಟೌನಿನ ಹಳೇ ಬಂಗಲೆಯ ವರಾಂಡದಲ್ಲಿ ಶನಿವಾರ, ಭಾನುವಾರ ನಡೆಯುತ್ತದೆ. ಕಾಲೇಜಿನ ಮೇಡಂ ಒಬ್ಬರು ನನ್ನನ್ನು ಸೇರಿಸಿದ್ದರು, ಕ್ಯಾಮೆರಾ ಕ್ಲಾಸಿನದೇ. ಸರ್ ತಿಂಗಳಿಗೊಬ್ಬ ದೊಡ್ಡ ಫೋಟೋಗ್ರಾಫರ್‌ನ ಪುಸ್ತಕ ಕೈಗೆ ಕೊಡುತ್ತಾರೆ. ಆ ತಿಂಗಳೆಲ್ಲ ಅವನ ಹಾಗೆಯೇ ತೆಗೆಯಬೇಕು, ಅವನ ಬೆಳಕು, ಅವನ ಕೋನ, ಅವನ ಕತ್ತಲು. "ಮೊದ್ಲು ನಕಲು ಮಾಡಮ್ಮ, ಸ್ವಂತದ್ದು ಆಮೇಲೆ ತಾನಾಗೇ ಬರತ್ತೆ," ಎನ್ನುತ್ತಿದ್ದರು. ಜೊತೆಗೆ ಅಭ್ಯಾಸಗಳು: ಒಂದು ವಾರ ಬರೀ ನೆರಳು, ಒಂದು ವಾರ ಬರೀ ಕೈ, ಒಂದು ವಾರ ಚಿತ್ರದ ಮುಕ್ಕಾಲು ಪಾಲು ಖಾಲಿ ಬಿಡುವುದು. ತೆಗೆದದ್ದನ್ನು ಕಂಪ್ಯೂಟರಿನಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ನೋಡಬೇಕು. ಎರಡರಲ್ಲಿ ಯಾವುದು ಚಂದವೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಕಬೇಕು.

ನನಗೆ ಸಿಕ್ಕುತ್ತಿದ್ದ ಮನುಷ್ಯ ಅಪ್ಪ ಒಬ್ಬನೇ. ಅವ್ವ ಶೇಷಮ್ಮ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುವವಳು. ಅಪ್ಪ ಹಾಗಲ್ಲ. ಕೈಕಾಲಿನ ಸಿಮೆಂಟು ತೊಳೆದುಕೊಂಡು ಬಂದು ಎಲ್ಲಿ ನಿಲ್ಲು ಅಂದರೆ ಅಲ್ಲಿ ನಿಲ್ಲುತ್ತಿದ್ದ. ಆದರೆ ಅಂಗಿಯ ಗುಂಡಿ ಹಾಕಿಕೊಂಡು, ಎದೆ ಸೆಟೆಸಿ, ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

"ಅಪ್ಪಾ, ಈ ಕಡಿ ನೋಡಬ್ಯಾಡ ಅಂತ ಎಷ್ಟ್ ಸಲ ಹೇಳ್ಲಿ!"

"ಮತ್ತ ಮುಖ ಬರಂಗಿಲ್ಲಲ್ಲವ್ವ?"

"ಮುಖ ಬ್ಯಾಡ."

"ಮುಖ ಬ್ಯಾಡಾದ್ರ ಫೋಟೋ ಯಾಕ?" ಎಂದು ನಕ್ಕು ಗೋಡೆಯ ಕಡೆ ತಿರುಗುತ್ತಿದ್ದ.

ಅವನು ನೇರ ನೋಡಿದವನ್ನೆಲ್ಲ ಅಲ್ಲೇ ಅಳಿಸಿಹಾಕುತ್ತಿದ್ದೆ. ಮುಖ ಇದ್ದರೆ ಜನ ಮುಖವನ್ನೇ ನೋಡುತ್ತಾರೆ, ಫೋಟೋ ನೋಡುವುದಿಲ್ಲ ಎಂದು ಸರ್ ಒಮ್ಮೆ ಹೇಳಿದ್ದರು. ನನಗೆ ಅದೇ ವೇದವಾಯಿತು. ವರ್ಷದ ಕೊನೆಗೆ ನನ್ನ ಹನ್ನೆರಡು ಚಿತ್ರಗಳು ಕ್ಲಾಸಿನ ಗೋಡೆಗೆ ಏರಿದವು: ಬೆನ್ನು, ಹಿಮ್ಮಡಿ, ಕರಣೆ ಹಿಡಿದ ಕೈ, ಪರದೆಯ ಹಿಂದಿನ ನೆರಳು. ಬಂದವರೆಲ್ಲ "ಥೇಟ್ ಪುಸ್ತಕದ್ದೇ!" ಎಂದರು. ಅಪ್ಪನೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಒಂದೊಂದನ್ನೂ ನಿಧಾನವಾಗಿ ನೋಡಿ, "ಇದರಾಗ ನಾ ಎಲ್ಲಿ ಅದೀನವ್ವ?" ಎಂದು ಕೇಳಿದ. ಬೇಕಂತಲೇ ಕೆಣಕುತ್ತಿದ್ದಾನೆ ಅಂದುಕೊಂಡು ಗೆಳತಿಯರ ಕಡೆ ನಡೆದೆ.

ಬೇರೆ ಫೋಟೋಗಳನ್ನು ಹುಡುಕದೆ ಬಿಡಲಿಲ್ಲ. ಮದುವೆಯದರಲ್ಲಿ ಬಾಸಿಂಗ ಮುಖ ಮುಚ್ಚಿದೆ. ಆಧಾರ್ ಕಾರ್ಡು ಫೋನಿನ ಕವರಿನಲ್ಲೇ ಇತ್ತು, ಫೋನಿನ ಜೊತೆ ಹೋಯಿತು; ಉಳಿದ ಜೆರಾಕ್ಸಿನಲ್ಲಿ ಮುಖದ ಜಾಗಕ್ಕೆ ಕರಿ ಮಸಿ. ನೆಂಟರ ಫೋನುಗಳಲ್ಲಿ ಅವನು ಯಾವಾಗಲೂ ಸಾರಿನ ಬಕೆಟ್ ಹಿಡಿದು ಆಚೆ ಹೋಗುತ್ತಿರುತ್ತಾನೆ. ಅವ್ವ ನನ್ನನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ನಾ ಕುಂಕುಮ ಎಲ್ಲಿ ಇಡ್ಲಿ? ಬೆನ್ನಿಗೆ ಇಡ್ಲೇನು?"

ಹತ್ತನೇ ದಿನ ಬೆಳಿಗ್ಗೆ ಶಿವಾಜಿನಗರಕ್ಕೆ ಹೋದೆ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬಿಲ್ಕೀಸ್ ಆಂಟಿಯ ಫೋಟೋ ಅಂಗಡಿ ಇದೆ. ನಮ್ಮ ಕ್ಲಾಸಿನವರು ಪ್ರಿಂಟ್ ಹಾಕಿಸುವುದು ಅಲ್ಲೇ. ಸತ್ತವರಿಗೆ ಕೋಟು ತೊಡಿಸಿ, ಹಿಂದೆ ನೀಲಿ ಆಕಾಶ ಕೂರಿಸುವುದರಲ್ಲಿ ಆಂಟಿಯದು ಎತ್ತಿದ ಕೈ. ಅವನ್ನೆಲ್ಲ ನೋಡಿ ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಪೆನ್‌ಡ್ರೈವ್ ಕೊಟ್ಟು ಪಕ್ಕದಲ್ಲಿ ಕೂತೆ. ಸಾವಿರಕ್ಕೂ ಮಿಕ್ಕಿದ ಚಿತ್ರಗಳು. ಆಂಟಿ ಬೆನ್ನು ದಾಟಿದರು, ಕೈ ದಾಟಿದರು, ನೆರಳು ದಾಟಿದರು.

"ಅರೆ ಬೇಟಾ, ಅಪ್ಪನ ಮೇಲೆ ಏನಾದ್ರೂ ಕೋಪ ಇತ್ತಾ?"

"ಇಲ್ಲ ಆಂಟಿ. ಹೋಮ್‌ವರ್ಕು."

ಕೊನೆಗೆ ಒಂದು ಸಿಕ್ಕಿತು. ಅರ್ಧ ಬೆಳಕು, ಅರ್ಧ ಕತ್ತಲು ಎಂಬ ಅಭ್ಯಾಸದ್ದು. ಅಪ್ಪ ಬನಿಯನ್ನಿನಲ್ಲಿ ನೇರ ಕೂತಿದ್ದಾನೆ. ಮುಖದ ಒಂದು ಪಾಲು ಸ್ವಚ್ಛ ಬೆಳಕಿನಲ್ಲಿದೆ, ಇನ್ನೊಂದು ಪಾಲು ಪೂರಾ ಕಪ್ಪು; ಅದಕ್ಕೇ ಅಳಿಸದೆ ಉಳಿಸಿಕೊಂಡಿದ್ದೆ. ಆಂಟಿ ಬೆಳಕಿನ ಪಾಲನ್ನೇ ನಕಲು ಮಾಡಿ, ಮಗುಚಿ, ಕಪ್ಪಿನ ಮೇಲೆ ಕೂರಿಸಿದರು. ಎರಡು ಕಣ್ಣು, ಎರಡು ಕಿವಿ, ಪೂರ್ತಿ ಮೀಸೆ ಬಂದವು. ಅಪ್ಪ ನನ್ನನ್ನು ನೋಡುತ್ತಿದ್ದ.

ಆಗ ಆಂಟಿ ಪರದೆಗೆ ಬೆರಳಿಟ್ಟರು. "ಮಚ್ಚೆ ಎರಡಾಗೋಯ್ತು ನೋಡು. ಯಾವ್ ಕಡೇದು ತೆಗೀಲಿ?"

ಮೀಸೆಯ ತುದಿಯಾಚೆ, ಕೆನ್ನೆಯ ಮೇಲೆ, ಹುರುಳಿ ಕಾಳಿನಷ್ಟು ಮಚ್ಚೆ. ಈಗ ಎರಡೂ ಕೆನ್ನೆಗೆ ಒಂದೊಂದು.

ಬಲ ಎನ್ನಲು ಹೋದೆ, ಎಡ ಅನ್ನಿಸಿತು. ಪಕ್ಕದಿಂದ ಕೆನ್ನೆ ಕಾಣುವ ಎರಡು ಚಿತ್ರಗಳಿದ್ದವು, ತೆಗೆಸಿ ನೋಡಿದೆ. ಒಂದರಲ್ಲಿ ಎಡ, ಇನ್ನೊಂದರಲ್ಲಿ ಬಲ. ತಿರುಗಿಸಿ ತಿರುಗಿಸಿ ಚಂದ ಕಂಡದ್ದನ್ನು ಉಳಿಸಿಕೊಂಡವಳು ನಾನೇ ತಾನೆ! ಯಾವುದನ್ನು ತಿರುಗಿಸಿದ್ದೆ, ಯಾವುದನ್ನು ಹಾಗೇ ಬಿಟ್ಟಿದ್ದೆ, ದೇವರಾಣೆಗೂ ನೆನಪಿಲ್ಲ. ಎಡ ಯಾವುದೆಂದು ಗುರುತು ಹಿಡಿಯಲು ಮೈಮೇಲೆ ಅಂಗಿಯ ಜೇಬು ಕೂಡ ಇಲ್ಲ. ಕಣ್ಣು ಮುಚ್ಚಿ ಅಪ್ಪನನ್ನು ನೆನೆದೆ. ಬೆನ್ನು ಬಂತು, ಕೈ ಬಂತು. ಮುಖ ಬರಲಿಲ್ಲ.

"ಬೇಗ ಹೇಳು ಬೇಟಾ, ಹನ್ನೊಂದಕ್ಕೆ ಕರೆಂಟ್ ತೆಗೀತಾರೆ."

ಬೇರೆ ದಾರಿ ಕಾಣದೆ ಅವ್ವನಿಗೆ ಫೋನ್ ಮಾಡಿದೆ.

"ಅವ್ವ, ಅಪ್ಪನ ಮಚ್ಚಿ ಯಾವ ಗಲ್ಲದ ಮ್ಯಾಲ ಇತ್ತು?"

ಆ ಕಡೆ ಯಾರೋ ನಾಳೆಯ ಅಡಿಗೆಗೆ ಪಾತ್ರೆ ತಿಕ್ಕುತ್ತಿದ್ದರು. ಅವ್ವ ಯೋಚನೆಯನ್ನೇ ಮಾಡಲಿಲ್ಲ.

"ಬಲಕ್ಕ. ಮಲಗಿದಾಗ ನನ್ನ ಕಡಿ ಬರ್ತಿತ್ತು. ಯಾಕವ್ವ, ಫೋಟೋದಾಗ ಕಾಣವಲ್ದೇನು?"

"ಕಾಣ್ತೈತವ್ವ," ಎಂದು ಫೋನಿಟ್ಟೆ.

ಹೇಳಲಾರದಷ್ಟು ನಾಚಿಕೆಯಾಯಿತು. "ಎಡಗಡೇದು ತೆಗೀರಿ ಆಂಟಿ," ಎಂದೆ.

"ನಮ್ಮ ಎಡಾನಾ, ಅಪ್ಪಂದು ಎಡಾನಾ?"

ಮನಸ್ಸಿನಲ್ಲೇ ರೂಮಿನ ಚಾಪೆಯ ಮೇಲೆ ಅಪ್ಪನನ್ನು ಅಂಗಾತ ಮಲಗಿಸಿ, ಪಕ್ಕದಲ್ಲಿ ಅವ್ವನನ್ನು ಮಲಗಿಸಿ, ಅವಳು ಯಾವ ಕಡೆ ಇದ್ದಾಳೆಂದು ನೋಡಿದೆ. ಅವನ ಬಲಕ್ಕೇ ಇದ್ದಳು.

"ಅಪ್ಪಂದು," ಎಂದೆ.